ಗಂಟೆ ಹೊಡೆದ ಇಗರ್ಜಿಗೆ ಒಂದು ಮೇಣದಬತ್ತಿ

ನನ್ನ ನೆನಪುಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವುದೆಲ್ಲ ನೆನಪಿನಿಂದಲೇ ಬರಬೇಕು. ಚಿಕ್ಕಂದಿನಿಂದ ಡೈರಿ ಬರೆಯುತ್ತಿದ್ದೇನೆ. ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟ ಮೇಲೆ ನಡೆದದ್ದು ಮರೆತುಹೋಗುತ್ತದೆ, ಬರೆದದ್ದು ಮಾತ್ರ ಉಳಿಯುತ್ತದೆ. ವಾಕ್ಯ ಚೆಂದವಾಗಲಿ ಎಂದು ಬಿಸಿಲಿನ ದಿನಕ್ಕೆ ಒಂದು ಮೋಡ ಸೇರಿಸಿದರೆ, ಹತ್ತು ವರ್ಷ ಕಳೆದ ಮೇಲೆ ಆ ದಿನ ಜೋರು ಮಳೆಯೇ ಬಂದಿತ್ತೆಂದು ನಾನು ಯಾರ ಹತ್ತಿರ ಬೇಕಾದರೂ ವಾದಿಸಬಲ್ಲೆ. ಮೆಲ್ಕಾರಿನ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ ಎಂಬುದನ್ನು ಇಲ್ಲಿ ಹೇಳಲು ಸ್ವಲ್ಪ ಸಂಕೋಚವಾಗುತ್ತದೆ.

ಅಮ್ಮನಿಗೆ ಎಪ್ಪತ್ತಮೂರು ವರ್ಷ. ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ನನ್ನ ಮೇಲೆ, ಇವರ ಮೇಲೆ, ಮಗಳು ದೀಕ್ಷಾಳ ಮೇಲೆ ಒಂದೊಂದು ಕಣ್ಣಿಟ್ಟುಕೊಂಡು ಇದ್ದಾಳೆ. ಎರಡು ವರ್ಷಗಳಿಂದ ಅವಳ ಬಲಗಾಲಿನ ಮೊಣಗಂಟು ಸವೆದು, ಅಡುಗೆಮನೆಯ ಹೊಸ್ತಿಲು ದಾಟುವುದೂ ಒಂದು ಪ್ರಯಾಣವಾಗಿತ್ತು. ಅಂತೂ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು, ಸೋಮವಾರ ಆಸ್ಪತ್ರೆಗೆ ಸೇರಬೇಕು. ಫ್ಲಾಸ್ಕು, ಹಳೆಯ ಬೆಡ್‌ಶೀಟು, ಸ್ಟೀಲಿನ ಲೋಟ ಎಲ್ಲ ಚೀಲಕ್ಕೆ ಹೋದವು. ಗುರುವಾರ ಸಂಜೆ ಅಮ್ಮ ಚೀಲದಿಂದ ಲೋಟ ಹೊರಗೆ ತೆಗೆದು, ಅದರಲ್ಲೇ ಚಾ ಕುಡಿಯುತ್ತ ಹೇಳಿದಳು: "ನಾನು ಬರುವುದಿಲ್ಲ. ಒಂದು ಹರಕೆ ಬಾಕಿ ಉಂಟು. ಅದನ್ನು ಹಾಗೇ ಇಟ್ಟು ಕಾಲಿಗೆ ಕತ್ತಿ ಹಾಕಿಸ್ಲಿಕ್ಕೆ ನನಗೆಂತ ಮರುಳಾ?"

ಹರಕೆ ನನ್ನ ಬಗ್ಗೆಯೇ. ನಾವು ಪುತ್ತಿಗೆಯಲ್ಲಿದ್ದ ಕಾಲದಲ್ಲಿ, ಆರು ವರ್ಷದವಳಿದ್ದಾಗ, ನಾನು ಪೇಟೆಯಲ್ಲಿ ಕಳೆದುಹೋಗಿದ್ದೆ. ಅಮ್ಮ ಬಳೆಯಂಗಡಿಯಲ್ಲಿ ಕೈ ಚಾಚಿ ಕುಳಿತಿದ್ದ ಹೊತ್ತಿನಲ್ಲಿ ಎತ್ತಲೋ ನಡೆದುಬಿಟ್ಟಿದ್ದೆನಂತೆ. ಕಳೆದುಹೋದದ್ದನ್ನು ಅಂತೋನಿ ಸಂತರು ಹುಡುಕಿಕೊಡುತ್ತಾರೆಂದು ನೆರೆಮನೆಯ ಕ್ರಿಶ್ಚಿಯನ್ ಬಾಯಮ್ಮ ಯಾವಾಗಲೋ ಅವಳಿಗೆ ಹೇಳಿದ್ದರು. ಚರ್ಚಿಗೆ ಅಮ್ಮ ಇಗರ್ಜಿ ಎನ್ನುವುದು. ರಸ್ತೆಯಲ್ಲಿ ಅಳುತ್ತ ನಿಂತವಳ ಕಿವಿಗೆ ಎಲ್ಲಿಂದಲೋ ಇಗರ್ಜಿಯ ಗಂಟೆ ಬಿತ್ತು. ಅಲ್ಲೇ ಕೈಮುಗಿದು, "ಈಗ ಗಂಟೆ ಹೊಡೆದ ಇಗರ್ಜಿಗೆ ಒಂದು ಮೇಣದಬತ್ತಿ" ಎಂದು ಹೇಳಿಕೊಂಡಳು. ನಾನು ಸಿಕ್ಕಿದೆ. ಸಿಕ್ಕಿದ ಸಂತೋಷದಲ್ಲಿ ಗಂಟೆ ಹೊಡೆದದ್ದು ಎಲ್ಲಿ ಎಂದು ನೋಡುವುದನ್ನು ಮರೆತಳು. ಊರಿನ ದೈವ ದೇವರುಗಳಿಗೆ ಹೇಳಿದ ಹರಕೆಯನ್ನೆಲ್ಲ ಎಣ್ಣೆ, ಹೂವಿನ ಸಮೇತ ಒಪ್ಪಿಸಿದವಳು, ಮುಖ ನೋಡದ ಒಂದು ಗಂಟೆಗೆ ಬಾಕಿಯಾಗಿ ಉಳಿದಳು.

"ಯಾವ ಪೇಟೆ?" ಎಂದು ಇವರು ಕೇಳಬೇಕಿತ್ತು, ಕೇಳಲಿಲ್ಲ. ನಾನೇ ಮೊದಲು ಹೇಳಿದೆ. ಮಂಗಳೂರು. ನನಗೆ ಸ್ಪಷ್ಟವಾಗಿ ನೆನಪಿತ್ತು. ಬಸ್ಸುಗಳ ಗದ್ದಲದ ನಡುವೆ ಒಂದು ತಂಪಾದ ಅಂಗಳ, ಅಂಗಳದಲ್ಲಿ ಬಿಳಿ ಹೂ ಸುರಿಸುವ ದೊಡ್ಡ ಮರ, ಮರದಾಚೆ ಬಣ್ಣದ ಗಾಜಿನ ಕಿಟಕಿ. ಎಷ್ಟೋ ಸಲ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ತಲೆ ಕಾದಾಗ ನಾನು ಕಣ್ಣು ಮುಚ್ಚಿ ಹೋಗಿ ಕುಳಿತುಕೊಳ್ಳುವುದು ಆ ಮರದ ಕೆಳಗೇ. "ಹೌದು, ಮರ ಇತ್ತು," ಎಂದಳು ಅಮ್ಮ. ಶನಿವಾರ ಬೆಳಿಗ್ಗೆ ಮೇಣದಬತ್ತಿಯ ಒಂದು ಕಟ್ಟು, ನಾಲ್ಕು ಚೆಂಡು ಸೇರಿದ ಒಂದು ಅಟ್ಟೆ ಮಲ್ಲಿಗೆ, ಒಬ್ಬ ಅಳಿಯ, ಒಬ್ಬಳು ಮೊಮ್ಮಗಳು ಸಮೇತ ಕಾರು ಹೊರಟಿತು.

ಮೊದಲ ಇಗರ್ಜಿಯ ಮಾಡಿನ ಒಳಗೆಲ್ಲ ಚಿತ್ರಗಳು. ತಲೆಯೆತ್ತಿ ನೋಡುತ್ತ ನಿಂತರೆ, ನೀಲಿ ಬಟ್ಟೆಗಳೂ ರೆಕ್ಕೆಗಳೂ ಮೋಡಗಳೂ ನಿಧಾನವಾಗಿ ತಿರುಗುತ್ತಿರುವ ಹಾಗೆ ಕಾಣುತ್ತಿತ್ತು. ತಿರುಗುತ್ತಿದ್ದದ್ದು ನನ್ನ ತಲೆ ಎಂದು ಆಮೇಲೆ ತಿಳಿಯಿತು, ಬೆಳಿಗ್ಗೆ ಏನೂ ತಿಂದಿರಲಿಲ್ಲ. ಅಮ್ಮ ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು, ಅಂಗಳಕ್ಕೆ ಹಾಸಿದ ಕಾದ ಇಂಟರ್‌ಲಾಕಿನ ಮೇಲೆ ಕುಂಟುತ್ತ ಬಂದು, ಚಿತ್ರಗಳ ಕಡೆ ನೋಡದೆ ಅಲ್ಲಿದ್ದ ಕಾವಲುಗಾರನನ್ನು ಕೇಳಿದಳು: "ಇಲ್ಲಿಯ ಗಂಟೆ ಒಮ್ಮೆ ಹೊಡೀಬಹುದಾ ಮಾರಾಯ್ರೆ? ಕೇಳಿ ಗುರ್ತ ಹಿಡೀಲಿಕ್ಕೆ." ಅವನು ಬಹಳ ಮರ್ಯಾದೆಯಿಂದ ನಮ್ಮನ್ನು ಹೊರಗಿನ ದಾರಿಗೆ ತಲುಪಿಸಿದ. ಬನ್ಸು, ಚಾ ಆಯಿತು.

ಎರಡನೆಯ ಕಡೆ ಮಧ್ಯಾಹ್ನದ ಗಂಟೆಗೆ ಕಾದೆವು. ನಿಲ್ಲಲು ನೆರಳಿರಲಿಲ್ಲ. ಎದುರಿನ ಕಟ್ಟಡದ ಹತ್ತನೆಯ ಮಾಳಿಗೆಯಲ್ಲಿ ಯಾರೋ ಕುಂಡದಲ್ಲಿ ಒಂದು ತೆಂಗಿನ ಸಸಿ ಬೆಳೆಸಿದ್ದರು. ಅದು ಮೇಲಿನಿಂದ ನಮ್ಮನ್ನು ನೋಡುತ್ತಿತ್ತು, ನಾವು ಕೆಳಗಿನಿಂದ ಅದನ್ನು. ಊರಿನಲ್ಲಿದ್ದರೆ ಈ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಬರುತ್ತದೆ, ಗೇರುಮರದ ಕೆಳಗೆ ದನಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತವೆ ಎಂದು ನನಗನ್ನಿಸಿತು. ದಿನಾ ಇರುವ ಊರು, ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದಿಂದ ನೆನೆದರೆ ಎಂಥ ಊರು! ಹನ್ನೆರಡಾಯಿತು. ಧ್ವನಿವರ್ಧಕದಲ್ಲಿ ಗಂಟೆ ಮೊಳಗಿತು. ಅಮ್ಮ ಕಿವಿಗೊಟ್ಟು ಕೇಳಿ, "ಇದು ರೆಕಾರ್ಡು," ಎಂದಳು. "ರೆಕಾರ್ಡಿಗೆ ಹರಕೆ ಇಲ್ಲ. ಊಟಕ್ಕೆ ಹೋಗುವ."

ನೆನಪಿನ ಬುಡ ಅಲುಗಿದ್ದು ಆ ಊಟದಲ್ಲಿ. ಬಾಳೆಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಇವರು ಮೀನಿನ ಮುಳ್ಳು ಬಿಡಿಸುತ್ತ, "ಮಾಮಿ, ಕಡೆಗೆ ಇವಳು ಸಿಕ್ಕಿದ್ದು ಎಲ್ಲಿ?" ಎಂದು ಕೇಳಿದರು. ಇವರು ಅಮ್ಮನನ್ನು ಮಾಮಿ ಎಂದೇ ಕರೆಯುವುದು.

"ಹೋಟೆಲಿನಲ್ಲಿ. ನಮ್ಮ ಪುತ್ತಿಗೆಯವರೊಬ್ಬರು ಗುರ್ತ ಹಿಡಿದು ಗೋಳಿಬಜೆ ಕೊಡಿಸಿ ಕೂರಿಸಿದ್ದರು. ಮತ್ತೆ ಇವಳನ್ನು ಅವರ ಸೈಕಲಿನ ಹಿಂದೆ ಕೂರಿಸಿ, ನಾನು ಬದಿಯಲ್ಲಿ ನಡ್ಕೊಂಡು, ಕತ್ತಲಾಗುವ ಮೊದಲು ಮನೆಗೆ ಮುಟ್ಟಿದೆವು."

ಇವರ ಕೈ ಎಲೆಯ ಮೇಲೆ ನಿಂತಿತು. "ಮಂಗಳೂರಿನಿಂದ ಪುತ್ತಿಗೆಗೆ ನಡ್ಕೊಂಡಾ?"

"ಆಗ ನನ್ನ ಕಾಲು ಚೆನ್ನಾಗಿತ್ತು," ಎಂದಳು ಅಮ್ಮ.

ದೀಕ್ಷಾ ಮೊಬೈಲ್ ನೋಡಿ, "ಅಜ್ಜಿ, ಏಳೆಂಟು ಗಂಟೆ ಬೇಕು," ಎಂದಳು. ಅಮ್ಮ ಮೊಬೈಲಿನ ಕಡೆ ಕನಿಕರದಿಂದ ನೋಡಿ, "ಅದಕ್ಕೆ ನಡೆದು ಅಭ್ಯಾಸ ಇಲ್ಲ," ಎಂದು ಸಾರಿಗೆ ಕೈ ಚಾಚಿದಳು.

ಪುತ್ತಿಗೆಯಿಂದ ನಡೆದು ಹೋಗಿ ಬರುವ ಪೇಟೆ ಒಂದೇ, ಮೂಡುಬಿದಿರೆ. ಹಾಗಾದರೆ ಮಂಗಳೂರು ಎಲ್ಲಿಂದ ಬಂತು? ಬಂದದ್ದು ಏಳನೇ ತರಗತಿಯ ಪ್ರಬಂಧ ಸ್ಪರ್ಧೆಯಿಂದ. ವಿಷಯ, ನಾನು ಮರೆಯಲಾಗದ ದಿನ. ಪಕ್ಕದ ಬೆಂಚಿನ ಹುಡುಗಿ ಬೊಂಬಾಯಿಯಲ್ಲಿ ರೈಲು ತಪ್ಪಿಸಿಕೊಂಡದ್ದನ್ನು ಬರೆಯುತ್ತಿದ್ದಳು. ಬೊಂಬಾಯಿಯ ಎದುರು ಮೂಡುಬಿದಿರೆಯಲ್ಲಿ ಕಳೆದುಹೋದವಳಿಗೆ ಬಹುಮಾನ ಯಾರು ಕೊಡುತ್ತಾರೆ? ನಾನು ಮಂಗಳೂರಿನಲ್ಲಿ ಕಳೆದುಹೋದೆ. ಮರವನ್ನು ಯಾವುದೋ ಗೋಡೆಯ ಕ್ಯಾಲೆಂಡರಿನಿಂದ ತಂದು ನೆಟ್ಟೆ. ಮೊದಲ ಬಹುಮಾನ ಬಂತು. ಅಪ್ಪ ಇದ್ದಷ್ಟು ದಿನ ಮನೆಗೆ ಬಂದವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಮ್ಮ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಕೇಳಿ ಕೇಳಿ, ತಾನು ಕಂಡದ್ದಕ್ಕಿಂತ ಮಗಳು ಬರೆದದ್ದೇ ನಿಜವಿರಬೇಕು ಎಂದುಕೊಂಡಿರಬೇಕು. ಇದೆಲ್ಲ ಅನ್ನದ ಮುಂದೆ ಕುಳಿತು ಒಂದೇ ಸಲ ನೆನಪಾಯಿತು. ನೆನಪಾಯಿತೋ, ಆ ಹೊತ್ತಿಗೆ ಬೇಕಾಗಿ ಹೊಸದಾಗಿ ಹುಟ್ಟಿತೋ, ಅದನ್ನೂ ಖಚಿತವಾಗಿ ಹೇಳಲಾರೆ. ಸೈಕಲ್ ಮಾತ್ರ ಖಚಿತ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ದೀಕ್ಷಾಳಿಗೆ ಗಡ್‌ಬಡ್ ಐಸ್‌ಕ್ರೀಂ ಬೇಕಾಯಿತು. ತೆರೆದ ಬಾಯಿಗೆ ನಾನೂ ಒಂದು ಹೇಳಿದೆ.

ಮೂರನೆಯ ಇಗರ್ಜಿಯ ಅಂಗಳದಲ್ಲಿ ಮರವಿತ್ತು. ಬಿಳಿ ಹೂವೇ. ದೇವಕಣಗಿಲೆ ಇರಬೇಕು. ಹೂಗಳು ಸದ್ದಿಲ್ಲದೆ ಸಿಮೆಂಟಿನ ಮೇಲೆ ಬೀಳುತ್ತಿದ್ದವು, ಗಾಜಿನ ಕಿಟಕಿಯ ಮೇಲೆ ಮಧ್ಯಾಹ್ನ ನಿದ್ದೆ ಹೋಗಿತ್ತು. ನಾನು ಕಟ್ಟಿಹೇಳಿದ ಜಾಗ ನನಗಿಂತ ಮೊದಲೇ ಬಂದು ನನ್ನನ್ನು ಕಾಯುತ್ತಿದ್ದ ಹಾಗಿತ್ತು. ಅಮ್ಮನ ಮುಖ ಅರಳಿತು. "ಇದೇ ಮಗಾ. ನನಗೆ ಮರ ನೆನಪುಂಟು," ಎಂದು ಕಾರಿನಿಂದ ಮೇಣದಬತ್ತಿ ತೆಗೆದಳು. ಬಿಸಿಲಿಗೆ ಅವೆಲ್ಲ ಬಾಗಿ ಬಿಲ್ಲಿನ ಹಾಗಾಗಿದ್ದವು. "ಅಡ್ಡಿಯಿಲ್ಲ, ನನ್ನ ಕಾಲಿನ ಹಾಗೆಯೇ ಉಂಟು," ಎಂದು ನಕ್ಕಳು.

ಇವರು ನನ್ನ ಕಿವಿಯಲ್ಲಿ, "ಸುಮ್ಮನಿರು. ಸೋಮವಾರ ಆಸ್ಪತ್ರೆ," ಎಂದರು. ಸರಿಯಾದ ಮಾತು. ಸುಮ್ಮನಿದ್ದರೆ ಅಮ್ಮ ಸಮಾಧಾನದಿಂದ ಮಂಚ ಏರುತ್ತಾಳೆ. ಹೇಳಿದರೆ ಲೋಟ ಮತ್ತೆ ಚೀಲದಿಂದ ಹೊರಗೆ. ಆದರೆ ಅವಳು ಕಡ್ಡಿ ಗೀರಿದಳು ನೋಡಿ, ಇಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದ ಮಾತನ್ನು ನನ್ನ ಕ್ಯಾಲೆಂಡರಿನ ಮರದ ಕೆಳಗೆ ಸುಡಲಿಕ್ಕೆ ಬಿಡುವುದು ನನ್ನಿಂದಾಗಲಿಲ್ಲ.

"ಅಮ್ಮ, ಇದಲ್ಲ. ಮಂಗಳೂರೇ ಅಲ್ಲ. ನಾನು ಬಹುಮಾನಕ್ಕೆ ಹಾಗೆ ಬರೆದದ್ದು."

ಕಡ್ಡಿ ಬೆರಳಿನ ತನಕ ಉರಿದು ಆರಿತು. ಅಮ್ಮ ಅದನ್ನು ಕೆಳಗೆ ಹಾಕಿದಳು. ಆಮೇಲೆ, "ಮರ?" ಎಂದಳು.

"ಅದೂ ಸುಳ್ಳು."

"ನೀನು ಕಳೆದುಹೋದದ್ದು?"

"ಅದು ನಿಜ."

"ಅದೊಂದನ್ನು ಬಿಟ್ಟದ್ದು ಉಪಕಾರ ಆಯ್ತು, ಮಾರಾಯ್ತಿ," ಎಂದು ಅಮ್ಮ ಕಾರಿನಲ್ಲಿ ಹೋಗಿ ಕುಳಿತಳು.

ಕಾರು ಮೂಡುಬಿದಿರೆಯ ದಾರಿ ಹಿಡಿದು ಗುರುಪುರದ ಹೊಳೆ ದಾಟಿತು. ಆಮೇಲೆ ಅಮ್ಮ ಕಿಟಕಿಯ ಗಾಜು ಇಳಿಸಿದಳು. ಇಳಿಬಿಸಿಲು ಗದ್ದೆಗಳ ಮೇಲೆ ಚೆಲ್ಲಿತ್ತು, ಬಯಲಿನಿಂದ ಹಸಿಮಣ್ಣಿನ ಗಾಳಿ ಒಳಗೆ ಬಂತು. ನಗರದಲ್ಲಿ ಇಡೀ ದಿನ ನಾನು ಹುಡುಕಿದ ತಂಪು ಕೇಳುವವರಿಲ್ಲದೆ ರಸ್ತೆಯ ಎರಡೂ ಬದಿಗೆ ಬಿದ್ದಿತ್ತು. ಅಮ್ಮ ಮುಖವನ್ನು ಗಾಳಿಗೆ ಕೊಟ್ಟು, ಕಣ್ಣು ಮುಚ್ಚಿ, ಯಾವುದೋ ಹಳೆಯ ದಾರಿಯಲ್ಲಿ ಒಂದು ಸೈಕಲಿನ ಬದಿಯಲ್ಲಿ ನಡೆಯುತ್ತಿರುವವಳಂತೆ ಕುಳಿತಿದ್ದಳು.

ಮೂಡುಬಿದಿರೆಯಲ್ಲಿ ಪೇಟೆಯ ಬದಿಯ ಇಗರ್ಜಿಯ ಎದುರು ಇಳಿದಾಗ ಆರು ಗಂಟೆ. ನಿಜವಾದ ಗಂಟೆ, ಹಗ್ಗ ಎಳೆದು ಹೊಡೆದದ್ದು. ಅಮ್ಮ ಕಾರಿನ ಬಾಗಿಲು ಹಿಡಿದು ನಿಂತಲ್ಲೇ ನಿಂತಳು. "ಇದೇ," ಎಂದಳು. ಗುರುತು ಹಿಡಿದಳೋ, ನನ್ನನ್ನು ಇನ್ನೊಮ್ಮೆ ನಂಬಿದಳೋ, ಕೇಳುವ ಧೈರ್ಯ ನನಗಿರಲಿಲ್ಲ. ಒಳಗೆ ಹೂ ಜೋಡಿಸುತ್ತಿದ್ದ ಬಾಯಮ್ಮನೊಬ್ಬರು ಬಾಗಿದ ಬತ್ತಿಗಳನ್ನು ನೋಡಿ, "ಹೊಸತು ಕೊಡುವುದಾ?" ಎಂದರು. "ಬೇಡ ಬಾಯಮ್ಮ, ಇವು ತುಂಬಾ ತಿರುಗಿ ಬಂದದ್ದು," ಎಂದು ಅಮ್ಮ ಒಂದನ್ನು ಹಚ್ಚಿದಳು. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಹಚ್ಚಿದಳು.

ಹೊರಗೆ ಬಂದು ಚಪ್ಪಲಿ ಹಾಕುತ್ತ, "ಸೋಮವಾರ ಎಷ್ಟು ಗಂಟೆಗೆ ಹೊರಡುವುದು?" ಎಂದು ಇವರನ್ನು ಕೇಳಿದಳು. ನನಗೆ ಹೋದ ಜೀವ ಬಂದ ಹಾಗಾಯಿತು.

"ಒಂದು ನಾನು ಸಿಕ್ಕಿದ್ದಕ್ಕೆ. ಇನ್ನೊಂದು ಎಂತಕ್ಕೆ ಅಮ್ಮ?"

"ಅದು ನನಗೂ ಅಂತೋನಿ ಸಂತರಿಗೂ ಇರುವ ವಿಷಯ. ನಿನಗೆ ಹೇಳಿದರೆ ನೀನು ಬರೀತಿ. ಬರೆದರೆ ಊರು ಬದಲಾಗ್ತದೆ."

ಇದನ್ನೂ ಬರೆದಿದ್ದೇನೆ. ಊರು ಮೂಡುಬಿದಿರೆ ಎಂದೇ ಇಟ್ಟಿದ್ದೇನೆ, ಸದ್ಯಕ್ಕೆ.