ಹಳೇ ತಟ್ಟೆ, ಹೊಸ ತಟ್ಟೆ

ಮಸುಕು ಎಂದರೆ ಕನ್ನಡಕದಂಗಡಿ ಯಜಮಾನರಿಗೆ ಮೈ ಉರಿಯುತ್ತಿತ್ತು. ಮೂವತ್ತೊಂದು ವರ್ಷದಿಂದ ಬೀದಿ ತಿರುವಿನ ಪುಟ್ಟ ಅಂಗಡಿಯಲ್ಲಿ ಕೂತು, ಬಂದವರ ಮೂಗಿನ ಮೇಲೆ ಲೋಹದ ಚೌಕಟ್ಟು ಏರಿಸಿ, ಗಾಜಿನ ಮೇಲೆ ಗಾಜು ಸಿಕ್ಕಿಸಿ, ಜಗತ್ತನ್ನು ಸ್ಪಷ್ಟಗೊಳಿಸುವ ಮಹಾಕಾರ್ಯದಲ್ಲಿ ತೊಡಗಿದ್ದವರು ಅವರು. ಅಂಥವರ ಸ್ವಂತ ಮನೆಯ ಟೀವಿಯಲ್ಲಿ ನಾಯಕಿಯ ಕೆನ್ನೆಯ ಮೇಲಿರುವುದು ಕಣ್ಣೀರೋ ಮಚ್ಚೆಯೋ ತಿಳಿಯದಂಥ ಚಿತ್ರ ಮೂಡುತ್ತಿತ್ತೆಂದರೆ ಅವರು ಎಷ್ಟು ದಿನ ಸಹಿಸಿಯಾರು? (ಯಜಮಾನರು ಎನ್ನುವ ಮಾತು ಅಂಗಡಿಯ ಮಟ್ಟಿಗೆ. ಮನೆಯಲ್ಲಿ ಆ ಹುದ್ದೆ ಬಹಳ ಹಿಂದೆಯೇ ಭರ್ತಿಯಾಗಿತ್ತು.)

ಹುದ್ದೆಯಲ್ಲಿದ್ದವರು ಅವರ ಹೆಂಡತಿ, ಪ್ರೌಢಶಾಲೆಯ ಗಣಿತದ ಟೀಚರು. ಒಂದು ಬುಧವಾರ ಸಂಜೆ ಯಜಮಾನರು ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಾಗ ಟೀಚರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಪೆಟ್ಟಿಗೆಯೊಳಗಿಂದ ಹೊಸ ಪ್ಲೇಯರು, ಐದು ಸ್ಪೀಕರು ಮತ್ತು ನೀಲಿ ಡಬ್ಬಿಯಲ್ಲಿ ಒಂದು ಬ್ಲೂ-ರೇ ಡಿಸ್ಕು ಹೊರಬಂದವು. ಡಿಸ್ಕಿನಲ್ಲಿದ್ದದ್ದು ಇಪ್ಪತ್ತೆಂಟು ವರ್ಷದ ಹಿಂದಿನ ಸಿನಿಮಾ. ಅದೇ ಸಿನಿಮಾದ ಹಳೇ ಡಿವಿಡಿ ಕಪಾಟಿನಲ್ಲೇ ಇತ್ತು, ವರ್ಷಕ್ಕೆ ಮೂರು ಸಲ ತಿರುಗುತ್ತಲೂ ಇತ್ತು.

ಇರೋದು ಚೆನ್ನಾಗೇ ಕಾಣುತ್ತಲ್ಲ ಎಂದು ಟೀಚರು ತಲೆಯೆತ್ತದೆ ಹೇಳಿದರು. ನಿನ್ನ ಕಣ್ಣು ಮಸುಕಿಗೆ ಒಗ್ಗಿಹೋಗಿದೆ ಎಂದರು ಯಜಮಾನರು.

"ನನ್ನ ಕನ್ನಡಕ ಮಾಡಿಕೊಟ್ಟಿರೋರು ನೀವೇರೀ," ಎಂದರು ಟೀಚರು.

ಉತ್ತರವಿಲ್ಲದಾಗ ಮನುಷ್ಯನಿಗೆ ಹಟ ಬರುತ್ತದೆ. ಸಾಬೀತು ಮಾಡಿ ತೋರಿಸುತ್ತೇನೆ ಎಂದು ಅವರು ನಿಂತ ನಿಲುವಿನಲ್ಲೇ ಘೋಷಿಸಿದರು. ಸಾಬೀತು ಎಂಬ ಮಾತು ಕಿವಿಗೆ ಬಿದ್ದೊಡನೆ ಗಣಿತದ ಟೀಚರಿಗೂ ಹುರುಪು ಬಂತು. ಭಾನುವಾರ ಮಧ್ಯಾಹ್ನ ಪರೀಕ್ಷೆ; ತೀರ್ಪುಗಾರರು ಮೂವರು; ಹೊಸದು ಮೇಲೆಂದು ತೀರ್ಮಾನವಾಗದಿದ್ದರೆ ಅದು ಸೋಮವಾರವೇ ಕೊಂಡ ಅಂಗಡಿಗೆ ವಾಪಸು; ಮೇಲೆಂದಾದರೆ ಹಳೇ ಪ್ಲೇಯರು ತನ್ನ ಡಿವಿಡಿ ತಟ್ಟೆಗಳ ಸಮೇತ ಮನೆಯಿಂದಾಚೆ. ಟೀಚರು ಇದನ್ನೆಲ್ಲ ಒಂದು ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಯಜಮಾನರ ಸಹಿ ಹಾಕಿಸಿಕೊಂಡರು.

ಮುಂದಿನ ಮೂರು ದಿನ ಯಜಮಾನರು ಅಂಗಡಿಯಲ್ಲಿದ್ದೂ ಇರಲಿಲ್ಲ. ಒಬ್ಬ ಗಿರಾಕಿಗೆ ಓದುವ ಕನ್ನಡಕದ ಬದಲು ದೂರದ್ದನ್ನು ಕೊಟ್ಟು ಕಳಿಸಿದರು. ಅಂಗಡಿಯ ಟೇಪು ಮನೆಗೆ ತಂದು ಕುರ್ಚಿಯಿಂದ ಟೀವಿಗೆ ಎಷ್ಟು ಅಂತರ ಎಂದು ಅಳೆದರು. ಐದು ಸ್ಪೀಕರುಗಳಲ್ಲಿ ಎರಡನ್ನು ಟೀವಿಯ ಪಕ್ಕ, ಒಂದನ್ನು ಟೀವಿಯ ಕೆಳಗೆ, ಎರಡನ್ನು ಅಡುಗೆಮನೆ ಬಾಗಿಲಿನ ಅಕ್ಕಪಕ್ಕ ಇಟ್ಟರು. ವೈರುಗಳನ್ನು ಕಾರ್ಪೆಟ್ಟಿನಡಿ ತೂರಿಸುವಾಗ ಸೊಂಟ ಹಿಡಿದುಕೊಂಡಿತು. ಅದನ್ನು ಯಾರಿಗೂ ಹೇಳಲಿಲ್ಲ.

ತೀರ್ಪುಗಾರರಲ್ಲಿ ಮೊದಲನೆಯವರು ಟೀಚರೇ. ಎರಡನೆಯವರು ಟೀಚರ ತಾಯಿ, ಅಂದರೆ ಯಜಮಾನರ ಅತ್ತೆ. ಎರಡು ಬೀದಿಯಾಚೆ ಒಬ್ಬರೇ ಇದ್ದ ಈ ಅತ್ತೆ ಪ್ರತಿ ಭಾನುವಾರ ಬರುತ್ತಿದ್ದರು. ಇಪ್ಪತ್ತೆರಡು ಮೆಟ್ಟಿಲನ್ನೂ ಒಂದೊಂದಾಗಿ ಬೈಯುತ್ತ, ಮಂಡಿ ಹಿಡಿದುಕೊಂಡು ಹತ್ತುತ್ತಿದ್ದರು. ಮೂರನೆಯವನು ಕೆಳಗಿನ ಮನೆಯ ದರ್ಜಿ. ಪಕ್ಷಪಾತವಿಲ್ಲದ ಮನುಷ್ಯ, ಸಿನಿಮಾ ನೋಡುವಾಗ ಬಟ್ಟೆ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಯಜಮಾನರು ಕಿಟಕಿಗಳಿಗೆ ದಪ್ಪ ಹೊದಿಕೆ ಇಳಿಬಿಟ್ಟು ಕೋಣೆ ಕತ್ತಲು ಮಾಡಿದರು. ಮೂವರ ಕನ್ನಡಕವನ್ನೂ ಕೇಳಿ ತೆಗೆದುಕೊಂಡು, ದ್ರಾವಣ ಹಾಕಿ ಒರೆಸಿ, ತಾವೇ ಅವರ ಕಿವಿಗೆ ಸಿಕ್ಕಿಸಿದರು. ಒಂದು ತಟ್ಟೆ ತೋರಿಸೋಕೆ ಇಷ್ಟು ಶಾಸ್ತ್ರವೇ ಎಂದು ಅತ್ತೆ ಕೇಳಿದರು. ತಟ್ಟೆ ಬದಲಾದರೆ ಊಟ ಬದಲಾಗುತ್ತದೆಯೇ ಎಂಬುದು ಅವರ ಮೂಲಭೂತ ಸಂದೇಹ. ಯಜಮಾನರು ಅದಕ್ಕೆ ಗಂಭೀರವಾಗಿ, ಚುಕ್ಕೆಗಳ ಸಾಂದ್ರತೆಯ ಮೇಲೆ ಏಳು ನಿಮಿಷದ ಉಪನ್ಯಾಸ ಕೊಟ್ಟರು. ಉಪನ್ಯಾಸ ಮುಗಿಯುವಾಗ ಅತ್ತೆಯ ಗಲ್ಲ ಎದೆಗೆ ತಾಗಿತ್ತು.

ಮೊದಲು ಶಬ್ದದ ಪರೀಕ್ಷೆ. ಹಳೇ ಡಿಸ್ಕಿನಲ್ಲಿ ಮಳೆ ಬರುವ ದೃಶ್ಯ ಹಾಕಿದರು. ಯಾರೋ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದಂತೆ ಕೇಳಿತು. ಹೊಸದರಲ್ಲಿ ಅದೇ ದೃಶ್ಯ ಹಾಕಿದಾಗ ಅತ್ತೆ ಎಚ್ಚೆತ್ತು ಸೆರಗು ತಲೆಗೆಳೆದುಕೊಂಡರು. ಸಿನಿಮಾದಲ್ಲಿ ಯಾರೋ ಬಾಗಿಲು ಬಡಿದರು. ಸದ್ದು ನೇರ ಬೆನ್ನ ಹಿಂದಿನಿಂದ ಬಂದದ್ದರಿಂದ ಟೀಚರು ಎದ್ದು ಹೋಗಿ ಅಡುಗೆಮನೆಯ ಹಿಂಬಾಗಿಲು ತೆಗೆದು ನೋಡಿ ಬಂದು ಕೂತರು. ಸಿನಿಮಾದವರು ಮತ್ತೆ ಬಡಿದರು. ಟೀಚರು ಮತ್ತೆ ಎದ್ದರು.

"ಇದನ್ನ ಲೆಕ್ಕಕ್ಕೆ ತಗೋಬಹುದಾ?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

ಟೀಚರು ಹಾಳೆಯ ಮೇಲೆ ಹೊಸದಕ್ಕೆ ಅರ್ಧ ಅಂಕ ಹಾಕಿದರು. ಅರ್ಧ ಅಂಕವೇ ಎಂದು ಯಜಮಾನರು ಕುದ್ದುಹೋದರು. ಚಿತ್ರದ ಪರೀಕ್ಷೆಯಲ್ಲಿ ಪೂರ್ತಿ ಗೆಲ್ಲಬೇಕು, ಎದುರಾಳಿ ಮೇಲೇಳಬಾರದು, ಹಾಗೆ ಗೆಲ್ಲಬೇಕು ಎಂದು ಹಲ್ಲು ಕಚ್ಚಿದರು. ಅದಕ್ಕೆಂದೇ ಅವರು ರೈಲು ನಿಲ್ದಾಣದ ದೃಶ್ಯವನ್ನು ಹಳೇ ಡಿಸ್ಕು ನೋಡಿಯೇ ಆರಿಸಿಟ್ಟಿದ್ದರು. ನಾಯಕಿ ಗಾಡಿಯಿಂದ ಇಳಿಯುತ್ತಾಳೆ, ಸುತ್ತ ನೂರು ಜನ, ಹಿಂದೆ ಸೀಮೆಸುಣ್ಣದಲ್ಲಿ ಬರೆದ ಕಪ್ಪು ಹಲಗೆ. ಅವರ ಅಂಗಡಿಯ ಗೋಡೆಯ ಮೇಲಿನ ಅಕ್ಷರಪಟದಂತೆಯೇ ಇತ್ತು ಆ ಹಲಗೆ.

ಹಳೇ ಡಿಸ್ಕನ್ನು ಆ ದೃಶ್ಯದಲ್ಲಿ ನಿಲ್ಲಿಸಿ, ಓದಿ ಎಂದರು. ಹಲಗೆಯ ಮೇಲೆ ಬಿಳಿ ಇರುವೆ ಸಾಲುಗಟ್ಟಿದಂತಿತ್ತು, ಯಾರಿಗೂ ಓದಲಾಗಲಿಲ್ಲ. ಹೊಸ ಡಿಸ್ಕನ್ನು ಅದೇ ಜಾಗದಲ್ಲಿ ನಿಲ್ಲಿಸಿದಾಗ ಟೀಚರು ಕಣ್ಣು ಕಿರಿದು ಮಾಡುವ ಅಗತ್ಯವೇ ಇಲ್ಲದೆ ಸರಾಗವಾಗಿ ಓದಿದರು. ಗಾಡಿ ನಲವತ್ತು ನಿಮಿಷ ತಡ. ತಾರೀಕು ಹದಿನಾಲ್ಕು. ಕೆಳಗೆ ತಿಂಗಳು, ವರ್ಷ. ವರ್ಷ ಓದಿ ಮುಗಿಸಿದ ಮೇಲೆ ಟೀಚರು ಹಣೆ ಗಂಟಿಕ್ಕಿ, ತಾರೀಕನ್ನು ಇನ್ನೊಂದು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಗೆಲುವಿನ ಅಮಲಿನಲ್ಲಿದ್ದ ಯಜಮಾನರು ಅದನ್ನು ಗಮನಿಸಲಿಲ್ಲ. ಅವರು ಮೇಜಿನ ಮೇಲಿದ್ದ ಟೀಚರ ಉದ್ದನೆಯ ಮರದ ಸ್ಕೇಲು ಎತ್ತಿಕೊಂಡು, ಟೀವಿಗೆ ಬೆನ್ನು ಮಾಡಿ, ತೀರ್ಪುಗಾರರ ಕಡೆ ತಿರುಗಿ ನಿಂತರು.

"ಇನ್ನೊಂದು ವಿಷಯ ಕೇಳಿ, ಡಬ್ಬಿ ಮೇಲೇ ಬರೆದಿದಾರೆ. ಹಳೇ ತಟ್ಟೆಯವರು ಚಿತ್ರದ ಎರಡೂ ಕಡೆ ಒಂದೊಂದು ಗೇಣು ಕತ್ತರಿಸಿ ಬಿಸಾಕಿದಾರೆ. ಇಷ್ಟು ವರ್ಷ ನಮ್ಮಿಂದ ಬಚ್ಚಿಟ್ಟಿದ್ದು ಇದು," ಎಂದು ಸ್ಕೇಲನ್ನು ಹಿಂದಕ್ಕೆ ಚಾಚಿ ಚಿತ್ರದ ಎಡ ಅಂಚನ್ನು ತಟ್ಟಿದರು. "ಇಲ್ಲಿ ನಿಂತಿರೋರ ಮುಖ ಒಂದೊಂದಾಗಿ ನೋಡಿ. ಚರ್ಮದ ರಂಧ್ರ ಕೂಡ ಕಾಣುತ್ತೆ."

ಮೂವರೂ ನೋಡಿದರು. ಬಹಳ ಹೊತ್ತು ನೋಡಿದರು. ಇಷ್ಟು ತನ್ಮಯತೆಯನ್ನು ಯಜಮಾನರೂ ನಿರೀಕ್ಷಿಸಿರಲಿಲ್ಲ. ದರ್ಜಿ ಎದ್ದು, ಟೀವಿಯ ಹತ್ತಿರ ಬಂದು, ಬಗ್ಗಿ ನೋಡಿದ.

"ಸಾರ್, ಈ ಜೇಬು ನಂದು," ಎಂದ.

ಯಜಮಾನರಿಗೆ ಅರ್ಥವಾಗಲಿಲ್ಲ. ದರ್ಜಿ ನಾಚಿಕೆಯಿಂದ ವಿವರಿಸಿದ. ತಾನು ಹೊಲಿಗೆ ಅಂಗಡಿ ತೆರೆದ ಹೊಸತರಲ್ಲಿ ಚೌಕುಳಿ ಬಟ್ಟೆಯ ಶರ್ಟೊಂದಕ್ಕೆ ಜೇಬು ಹಚ್ಚುವಾಗ ಗೆರೆಗೆ ಗೆರೆ ಕೂಡಿಸದೆ ಅಡ್ಡ ಹಚ್ಚಿಬಿಟ್ಟಿದ್ದನಂತೆ. ಅಂಥ ತಪ್ಪು ಆಮೇಲೆ ಆತ ಮಾಡಿಲ್ಲ, ಆ ಶರ್ಟನ್ನು ಮರೆತೂ ಇಲ್ಲ. ಅದು ಯಾರದ್ದು ಎಂದು ಹೇಳುವ ಬದಲು ಸೌಜನ್ಯದಿಂದ ನೆಲ ನೋಡಿದ.

ಯಜಮಾನರು ನಿಧಾನವಾಗಿ ತಿರುಗಿದರು. ಎಡ ಅಂಚಿನಲ್ಲಿ, ಅವರದೇ ಸ್ಕೇಲಿನ ತುದಿಯಲ್ಲಿ, ತಲೆಯ ಮೇಲೆ ದೊಡ್ಡ ಕಬ್ಬಿಣದ ಟ್ರಂಕು ಹೊತ್ತು, ಎಲ್ಲ ಹಲ್ಲೂ ಕಾಣುವಂತೆ ನಗುತ್ತ, ಇಪ್ಪತ್ತೆಂಟು ವರ್ಷ ಚಿಕ್ಕವರಾದ ಅವರೇ ನಿಂತಿದ್ದರು.

ಇಲ್ಲಿ ಓದುಗರಿಗೆ ಒಂದು ಸತ್ಯ ಹೇಳಬೇಕು. ಹಲಗೆಯ ಮೇಲಿದ್ದ ಆ ತಿಂಗಳು ಹದಿನಾಲ್ಕಕ್ಕೇ ಈ ದಂಪತಿ ಈಗಿನ ಈ ಮಾಳಿಗೆ ಮನೆಗೆ ಸಾಮಾನು ಸಾಗಿಸಿದ್ದು. ಯಜಮಾನರು ಗಾಜು ಕೊಳ್ಳಲು ಎರಡು ದಿನ ಮುಂಚೆ ಪರ ಊರಿಗೆ ಹೋದವರು, ಅಲ್ಲೇ ಜ್ವರ ಬಂದು ಸ್ನೇಹಿತನ ಮನೆಯಲ್ಲಿ ಮಲಗಿಬಿಟ್ಟೆ ಎಂದು ಹದಿನೇಳಕ್ಕೆ ಬಂದು ಹೇಳಿದ್ದರು. ನಿಜಕ್ಕೂ ಅವರು ಹದಿನಾಲ್ಕರ ಬೆಳಗ್ಗೆಯೇ ಊರಿನ ನಿಲ್ದಾಣಕ್ಕೆ ಬಂದಿಳಿದಿದ್ದರು. ಇಳಿದದ್ದು ಸಿನಿಮಾದವರ ನಡುವೆ. ಯಾರೋ ಬಂದು, ನಿಮ್ಮ ಮುಖ ಚೆನ್ನಾಗಿದೆ, ಒಂದು ಪೆಟ್ಟಿಗೆ ಹೊರುತ್ತೀರಾ ಎಂದು ಕೇಳಿದರು. ಮುಖ ಚೆನ್ನಾಗಿದೆ ಎಂದು ಅವರಿಗೆ ಅದಕ್ಕೆ ಮುಂಚೆ ಯಾರೂ ಹೇಳಿರಲಿಲ್ಲ. ಸಿನಿಮಾ ಬಂದಾಗ ಒಬ್ಬರೇ ಟಾಕೀಸಿಗೆ ಹೋಗಿ ಎರಡು ಸಲ ನೋಡಿದರು. ಪರದೆಯ ಎಡ ಅಂಚು ಪಕ್ಕದ ಬಟ್ಟೆಯ ನೆರಿಗೆಯಲ್ಲಿ ಮುಳುಗಿತ್ತು. ತಮ್ಮ ಭಾಗ ಕತ್ತರಿಸಿದ್ದಾರೆಂದು ತೀರ್ಮಾನಿಸಿ, ಅರ್ಧ ದುಃಖದಿಂದ ಅರ್ಧ ನೆಮ್ಮದಿಯಿಂದ ಮನೆಗೆ ಬಂದಿದ್ದರು. ಇತ್ತ ಹದಿನಾಲ್ಕರಂದು ಇಪ್ಪತ್ತೆರಡು ಮೆಟ್ಟಿಲು ಟ್ರಂಕು ಹೊತ್ತು ಹತ್ತಿದವರು ಅತ್ತೆ. ಹದಿನೆಂಟನೇ ಮೆಟ್ಟಿಲಲ್ಲಿ ಅವರ ಮಂಡಿ ಕಳಕ್ ಎಂದಿತ್ತು.

ಯಜಮಾನರು ಸ್ಕೇಲು ಕೆಳಗಿಟ್ಟರು. ಒಂದೇ ಥರ ಕಾಣುವ ಜನ ಇರುತ್ತಾರೆ ಎಂದರು. ಅಂಥ ಶರ್ಟು ಊರಿಗೆಲ್ಲ ಇತ್ತು ಎಂದರು. ದರ್ಜಿ ಇಲ್ಲವೆಂದು ತಲೆಯಾಡಿಸಿದ. ಆಗ ಯಜಮಾನರು, ಐದು ದಿನದಿಂದ ತಾವೇ ಕಟ್ಟಿದ ಕೋಟೆಯನ್ನು ತಾವೇ ಒದೆಯಲು ಶುರುಮಾಡಿದರು. ಈ ಹೊಸ ಡಿಸ್ಕುಗಳನ್ನು ನಂಬುವಂತಿಲ್ಲ, ಕಂಪ್ಯೂಟರಿನಲ್ಲಿ ಇಲ್ಲದ್ದೆಲ್ಲ ಸೇರಿಸುತ್ತಾರೆ, ಪ್ರಾಮಾಣಿಕತೆ ಅಂತ ಇದ್ದದ್ದು ಹಳೇ ಡಿಸ್ಕಿನಲ್ಲಿ, ಮಸುಕಿಗೂ ಒಂದು ಘನತೆ ಇರುತ್ತದೆ ಎಂದೆಲ್ಲ ಹೇಳಿದರು. ಟೀಚರು ಪೆನ್ನಿನ ಟೋಪಿ ತೆಗೆದು ಕೂತಿದ್ದರು. ಏನೂ ಬರೆಯಲಿಲ್ಲ, ಟೋಪಿ ಮತ್ತೆ ಹಾಕಲೂ ಇಲ್ಲ.

ಅತ್ತೆ ಮಾತ್ರ ಚಿತ್ರದಿಂದ ಕಣ್ಣು ಕೀಳದೆ, ಮರುಕದಿಂದ ಲೊಚಗುಟ್ಟಿದರು.

"ಯಾರ ಮನೆ ಮಗನೋ ಪಾಪ. ಅಷ್ಟು ಭಾರದ ಟ್ರಂಕು ಹೊತ್ಕೊಂಡು ಹೆಂಗೆ ನಗ್ತಾ ಇದಾನೆ ನೋಡಿ ಅಳಿಯಂದ್ರೆ. ಎಂಥ ಶಕ್ತಿ."

"ಭಾರ ಎಲ್ಲಿ ಬಂತತ್ತೆ, ಅದು ಖಾಲಿ ಟ್ರಂಕು," ಎಂದರು ಯಜಮಾನರು.

ಹಿಂದಿನ ಸ್ಪೀಕರುಗಳಲ್ಲಿ ಸಣ್ಣಗೆ ಗುಯ್ ಎನ್ನುವ ಸದ್ದು. ಅತ್ತೆ ಮಂಡಿಯ ಮೇಲೆ ಕೈಯಿಟ್ಟುಕೊಂಡರು. ಅವರು ಬೇಕೆಂದೇ ಹಾಗೆ ಕೇಳಿದರೋ, ಮುಗ್ಧವಾಗಿ ಕೇಳಿದರೋ, ಅದು ಇವತ್ತಿಗೂ ಯಜಮಾನರಿಗೆ ಗೊತ್ತಿಲ್ಲ.

"ಜ್ವರ ಎಷ್ಟಿತ್ತು?" ಎಂದು ಟೀಚರು ಕೇಳಿದರು. ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದವರನ್ನು ಕೇಳುವಷ್ಟೇ ಶಾಂತ ದನಿ.

ಯಜಮಾನರು ಎಲ್ಲವನ್ನೂ ಹೇಳಿದರು. ಒಂದೇ ದೃಶ್ಯವನ್ನು ಹನ್ನೊಂದು ಸಲ ತೆಗೆದದ್ದು, ಹನ್ನೊಂದು ಸಲವೂ ತಾವು ಬೇಸರವಿಲ್ಲದೆ ಟ್ರಂಕು ಹೊತ್ತದ್ದು, ನಾಳೆಯೂ ಬನ್ನಿ ಎಂದಾಗ ಹೋದದ್ದು, ನಾಡಿದ್ದೂ ಹೋದದ್ದು. ಮನೆ ಸಾಗಿಸುವುದು ನೆನಪಿರಲಿಲ್ಲವೇ ಎಂದಾಗ, ನೆನಪಿತ್ತು ಎಂದರು. ಟೀಚರು ತಲೆಯಲ್ಲಾಡಿಸಿ ಹಾಳೆಯ ಮೇಲೆ ತೀರ್ಪು ಬರೆದರು. ಚಿತ್ರದ ಗುಣಮಟ್ಟದಲ್ಲಿ ಹೊಸದಕ್ಕೆ ನೂರಕ್ಕೆ ನೂರು. ಮೂವರದೂ ಒಮ್ಮತ. ಯಜಮಾನರು ನಿರ್ವಿವಾದವಾಗಿ ಗೆದ್ದಿದ್ದರು. ಸಹಿ ಹಾಕಿದ ಕರಾರಿನ ಪ್ರಕಾರ ಹಳೇ ಪ್ಲೇಯರು ಅಂದೇ ಸಂಜೆ ದರ್ಜಿಯ ಮನೆಗೆ ಇಳಿಯಿತು. ಹೊಸದನ್ನು ವಾಪಸು ಕೊಡೋಣವೇ ಎಂದು ಯಜಮಾನರು ಮಾಡಿದ ವಿನಂತಿಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅತ್ತೆ ಹೊರಡುವ ಮುಂಚೆ ತಮ್ಮ ನಿರ್ಧಾರ ತಿಳಿಸಿದರು. ವಾರ ವಾರ ಈ ಮೆಟ್ಟಿಲು ಹತ್ತಲು ಇನ್ನು ತಮ್ಮಿಂದಾಗದು, ಒಂದೇ ಸಲ ಹತ್ತಿ ಇಲ್ಲೇ ಇದ್ದುಬಿಡುತ್ತೇನೆ ಎಂದರು. ಸಾಮಾನು ಹೆಚ್ಚೇನಿಲ್ಲ, ಒಂದು ಟ್ರಂಕು ಅಷ್ಟೆ. ಕೂಲಿಯವರು ಬೇಡ, ಮನೆಯಲ್ಲಿ ಅನುಭವಸ್ಥರಿದ್ದಾರೆ.

ಮುಂದಿನ ಭಾನುವಾರ ಬೆಳಗ್ಗೆ ಗಾಡಿಯಿಂದಿಳಿಸಿದ ಟ್ರಂಕಿನೊಳಗೆ ಹಿತ್ತಾಳೆ ಪಾತ್ರೆಗಳೂ, ಒಂದು ಹೊಲಿಗೆ ಯಂತ್ರದ ತಲೆಯೂ, ಮಾವನವರ ಕಾಲದ ಕಾನೂನು ಪುಸ್ತಕಗಳೂ ಇದ್ದವು. ದರ್ಜಿ ಒಂದು ಕಡೆ ಕೈಕೊಟ್ಟು ತಲೆಗೆ ಏರಿಸಿ, ಪಕ್ಕಕ್ಕೆ ಸರಿದು ನಿಂತ. ಯಜಮಾನರು ಹತ್ತಿದರು. ಎಂಟನೇ ಮೆಟ್ಟಿಲಿಗೆ ಕಣ್ಣು ಮಂಜಾಯಿತು. ಹದಿನೆಂಟರಲ್ಲಿ ಅವರ ಮಂಡಿಯೂ ಏನೋ ಹೇಳಿತು. ಅದನ್ನು ಪುನರುಚ್ಚರಿಸುವ ಧೈರ್ಯ ಅವರಿಗಿರಲಿಲ್ಲ. ಮೇಲೆ, ಮೊದಲೇ ಹತ್ತಿ ಬಂದಿದ್ದ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಟೀಚರು ಮೊಬೈಲನ್ನು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಗಂಡನನ್ನು ಚಿತ್ರದ ಸರಿಯಾಗಿ ಮಧ್ಯಕ್ಕೆ ತಂದುಕೊಳ್ಳುತ್ತಿದ್ದರು.

ಕೊನೆಯ ಮೆಟ್ಟಿಲು ಹತ್ತಿ, ಬೆವರು ಕಣ್ಣಿಗಿಳಿದು, ಯಜಮಾನರು ಟ್ರಂಕು ಇಳಿಸಲು ಬಗ್ಗಿದಾಗ ಟೀಚರು ಮೊಬೈಲು ನೋಡಿ ತಲೆಯಾಡಿಸಿದರು.

"ನಗು ಬಂದಿಲ್ಲರೀ. ಇನ್ನೊಂದ್ಸಲ ಕೆಳಗಿಂದ ಬನ್ನಿ."