ನೆನೆಯದೆ ಉಳಿದ ಮಳೆಮಾಪಕರಿಗೆ

ಮಂಡಕ್ಕಿ ಭಟ್ಟಿ ಓಣಿ,
ಕೊಪ್ಪಳ

ಮಾನ್ಯ ಮಳೆಮಾಪಕ ಯಂತ್ರದವರೇ,

ಸ್ಟೀಲಿನ ಮೈಯೊಂದಿಗೆ, ತಲೆಯ ಮೇಲೆ ಸೋಲಾರ್ ಕಿರೀಟ ಧರಿಸಿ, ನನ್ನ ಅಂಗಳದ ಮೂಲೆಯಲ್ಲಿ ನಿಂತಿರುವ ತಮ್ಮ ಸನ್ನಿಧಿಗೆ ಈ ವಿರುಪಣ್ಣನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕಳೆದ ಅಕ್ಟೋಬರಿನ ಆ ಮಧ್ಯಾಹ್ನ ತಮ್ಮ ಮೈಮೇಲೆ ಒಂದು ಹನಿಯೂ ಬೀಳಲಿಲ್ಲವೆಂಬುದಕ್ಕೆ ವಿಮಾ ಕಂಪನಿಯ ಸೀಲು ಹಾಕಿದ ಕಾಗದವೇ ನನ್ನ ಬಳಿ ಇದೆ.

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ. ಇಪ್ಪತ್ತು ಭಟ್ಟಿಯವರು ತಲಾ ಸಾವಿರದಂತೆ ಕಟ್ಟಿದ ವಿಮೆಯ ಕಂತು, ಇಪ್ಪತ್ತು ಸಾವಿರ. ಆಡುಗಳು ತಮಗೆ ಮೈ ತಿಕ್ಕದಿರಲೆಂದು ಹಾಕಿಸಿದ ತಂತಿಬೇಲಿ, ಸಾವಿರದ ಎಂಟುನೂರ ಐವತ್ತು. ತಾವು ಪ್ರತಿಷ್ಠಾಪನೆಗೊಂಡ ದಿನದ ಹಾರ, ಕಾಯಿ, ಪೇಢೆ, ಆರುನೂರ ನಲವತ್ತು. ಕಂಪನಿಯ ಕಚೇರಿಗೆ ಮೂರು ಸಲ ಹೋಗಿಬಂದ ಬಸ್ ಚಾರ್ಜು, ಐನೂರ ಹತ್ತು. ಒಟ್ಟು ಇಪ್ಪತ್ಮೂರು ಸಾವಿರ. ಇದರಲ್ಲಿ ನೆರೆಯ ಮೈಮುನಬಿಯ ಎಂಟು ಚೀಲ ಭತ್ತ ಸೇರಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಅಲ್ಲಿಗೆ ಬರಲು ನನಗೇ ಕಾಲು ಹಿಂದೆ ಹೋಗುತ್ತದೆ.

ತಮ್ಮ ಮಹಿಮೆಯನ್ನು ಓಣಿಗೆ ಸಾರಿದವನು ನಾನೇ. ಸೈಕಲ್ಲಿನ ಮೇಲೆ ಮಂಡಕ್ಕಿ ಮಾರುತ್ತ ಬಾಯಿಯೊಂದರಿಂದಲೇ ಭಟ್ಟಿ ಕಟ್ಟಿದವನೆಂದು ಕಂಪನಿಯವರು ನನ್ನನ್ನು ಏಜೆಂಟನನ್ನಾಗಿ ಮಾಡಿದರು. ತಲೆಗೆ ನೂರರಂತೆ ಕಮಿಷನ್ನೂ ಗೊತ್ತಾಯಿತು. ಯೋಜನೆ ಸರಳವಾಗಿತ್ತು. ಕಾರಟಗಿಯಿಂದ ತಂದು ಕುದಿಸಿದ ಭತ್ತ ಅಂಗಳದಲ್ಲಿ ಒಣಗುತ್ತಿರುವಾಗ ಅಕಾಲದ ಮಳೆ ಬಂದು, ಅದನ್ನು ತಾವು ಒಂದೇ ದಿನದಲ್ಲಿ ಐವತ್ತು ಮಿಲಿಮೀಟರ್ ಎಂದು ಅಳೆದರೆ, ಯಾರೂ ಬಂದು ನೋಡುವ ಗೋಜಿಲ್ಲದೆ ಪ್ರತಿ ಭಟ್ಟಿಗೂ ಹದಿನೈದು ಸಾವಿರ ತಾನಾಗಿಯೇ ಖಾತೆಗೆ ಬೀಳುವುದು. ಇಷ್ಟನ್ನೇ ಹೇಳಿ ಸುಮ್ಮನಿದ್ದಿದ್ದರೆ ನಾನು ಏಜೆಂಟನಾಗಿ ಉಳಿಯುತ್ತಿದ್ದೆ. ಆದರೆ ಕೇಳುವ ಜನ ಕೂಡಿದರೆ ನನ್ನ ಬಾಯಿಗೆ ಹಬ್ಬ. "ಇದು ಬರೇ ಯಂತ್ರ ಅಲ್ಲರಿ, ನಮ್ಮ ಇಪ್ಪತ್ತು ಮನಿ ಅನ್ನ ಐತಿ ಇದರಾಗ. ಭತ್ತಕ್ಕಿಂತ ಭಾಳ ಜ್ವಾಕಿ ಮಾಡ್ರಿ" ಎಂದುಬಿಟ್ಟೆ. ಭತ್ತಕ್ಕಿಂತ ಹೆಚ್ಚು ಜೋಪಾನ ಮಾಡುತ್ತೇವೆಂದು ಎಲ್ಲರೂ ತಲೆಯಾಡಿಸಿದರು. ತಾವು ನೆನೆಯುವುದೇ ತಮ್ಮ ಉದ್ಯೋಗವೆಂಬ ಒಂದು ಮಾತನ್ನು ಮಾತ್ರ, ಒಂದು ತಾಸಿನ ಭಾಷಣದಲ್ಲಿ, ನಾನು ಹೇಳಲೇ ಇಲ್ಲ.

ನಮ್ಮ ಓಣಿಯ ರೀತಿ ತಮಗೆ ತಿಳಿದಂತಿಲ್ಲ. ಮೋಡ ಕಂಡರೆ ಇದು ಯಾರ ಅಂಗಳವೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಕೈಗೆ ಸಿಕ್ಕ ತಾಡಪತ್ರಿ ಹಿಡಿದು ಓಡಿ, ಹೆಚ್ಚು ಬೆಲೆಯದ್ದನ್ನು ಮೊದಲು ಮುಚ್ಚುತ್ತಾರೆ. ಆ ದಿನ ನಾನು ಗಂಗಾವತಿಯಲ್ಲಿದ್ದೆ, ಅಲ್ಲಿನ ಭಟ್ಟಿಯವರಿಗೆ ತಮ್ಮದೇ ಗುಣಗಾನ ಮಾಡುತ್ತ. ಇಲ್ಲಿ ಮೋಡ ಕವಿಯಿತು. ಪಕ್ಕದ ಭಟ್ಟಿಯ ಮೈಮುನಬಿ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಭಟ್ಟಿ ನಡೆಸುತ್ತಿರುವವಳು, ತನ್ನ ಭತ್ತದ ಮೇಲೆ ಹಾಸುತ್ತಿದ್ದ ಒಂದೇ ಒಂದು ತಾಡಪತ್ರಿಯನ್ನು ಎಳೆದು ತಂದು ತಮಗೆ ಹೊದಿಸಿ, ಹಗ್ಗ ಬಿಗಿದು, ಗಾಳಿಗೆ ಹಾರದಂತೆ ಕಲ್ಲು ಹೇರಿ ನಿಂತಳು. ಎರಡು ತಾಸು ಸುರಿಯಿತು. ಉಳಿದವರ ಭತ್ತಕ್ಕೆ ಅಡಿಯಿಂದ ನೀರು ನುಗ್ಗಿತು. ಅವಳದು ಚರಂಡಿ ಸೇರಿತು. ತಾವು ಬೆಚ್ಚಗಿದ್ದು, ಮಳೆ ಸೊನ್ನೆಯೆಂದು ಕಂಪನಿಗೆ ವರದಿ ಕಳಿಸಿದಿರಿ.

ಸಂಜೆ ಬಂದು ನಾನು ಕೂಗಾಡಿದಾಗ ಆಕೆ ಅಳಲಿಲ್ಲ. "ವಿರುಪಣ್ಣ, ಭತ್ತಕ್ಕಿಂತ ಜ್ವಾಕಿ ಮಾಡ್ರಿ ಅಂದಾವ ನೀನ ಅಲ್ಲೇನ? ನಾ ಮಾಡೀನಿ" ಎಂದಳು. ನಲವತ್ತು ವರ್ಷ ಮಾತು ಮಾರಿದ ನಾನು ತಮ್ಮ ಮೈಮೇಲಿನ ಕಲ್ಲು ಇಳಿಸಿ ಹಗ್ಗ ಬಿಚ್ಚತೊಡಗಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ದಯವಿಟ್ಟು ಆ ಮಧ್ಯಾಹ್ನವನ್ನು ಹಿಂದಕ್ಕೆ ಕರೆದು ಇನ್ನೊಮ್ಮೆ ಅಳೆಯಬೇಕು. ಅದಾಗದಿದ್ದರೆ ತಾಡಪತ್ರಿಯ ಮೇಲೆ ಬಿದ್ದ ಸದ್ದನ್ನಾದರೂ ಮಿಲಿಮೀಟರಿಗೆ ಪರಿವರ್ತಿಸಿ ಕಳಿಸಬೇಕು. ಅದೂ ಆಗದಿದ್ದರೆ ಒಂದು ನೆಗಡಿಯನ್ನಾದರೂ ತಂದುಕೊಳ್ಳಬೇಕು. ಸಾಕ್ಷಿಗೆ ಡಾಕ್ಟರ ಚೀಟಿ ನಾನು ಲಗತ್ತಿಸುತ್ತೇನೆ.

ಕಂಪನಿಯ ಕರಾರಿನಲ್ಲಿ ಯಂತ್ರವನ್ನು ಮುಚ್ಚುವುದು ಮೋಸವೆಂದು ಬರೆದಿದೆ. ಮುಚ್ಚಿದವರ ಹೆಸರು ಕೊಡಿರೆಂದು ಕೇಳಿದರು. ಮುಚ್ಚಿಸಿದವನು ನಾನು, ನನ್ನ ನಾಲಿಗೆಯಿಂದ, ಎಂದು ಬರೆದು ಸಹಿ ಮಾಡಿಕೊಟ್ಟೆ. ಏಜೆಂಟಗಿರಿ ಹೋಯಿತು. ಕಾರಟಗಿಯಿಂದ ಎಂಟು ಚೀಲ ಭತ್ತ ತರಿಸಿ ಮೈಮುನಬಿಯ ಅಂಗಳದಲ್ಲಿ ಇಳಿಸಿದೆ. ಆಕೆ ನಾಲ್ಕನ್ನು ತಿರುಗಿ ಗಾಡಿಗೆ ಹೇರಿಸಿದಳು. "ಹೇಳಿದಾವ ನೀ, ಕೇಳಿದಾಕಿ ನಾ. ಅರ್ಧಾ ಅರ್ಧಾ ಹಿಡಿ."

ಇಂತಿ, ತಮ್ಮಷ್ಟು ಒಣಗಿರದ,
ತಮ್ಮ ವಿಶ್ವಾಸಿ,
ವಿರುಪಣ್ಣ

ತಾ.ಕ.: ಮುಂದಿನ ಮೋಡಕ್ಕೆ ತಾಡಪತ್ರಿ ಭತ್ತದ ಮೇಲಿರುತ್ತದೆ, ತಾವು ನೆನೆಯಲು ಕಲಿಯಿರಿ. ಈ ವ್ಯವಹಾರದಲ್ಲಿ ಯಾರಿಗೇನು ದಕ್ಕಿತೆಂದು ಕೇಳಿದರೆ: ಕಂಪನಿಗೆ ಇಪ್ಪತ್ತು ಸಾವಿರ. ನನಗೆ ಎರಡು ಸಾವಿರ ಕಮಿಷನ್, ನಾಲ್ಕು ಚೀಲದ ಬಿಲ್ಲು. ಓಣಿಗೆ ಏನೂ ಇಲ್ಲ. ಮೈಮುನಬಿಗೆ ನಾಲ್ಕು ಚೀಲ ಭತ್ತ, ಒಂದು ಹಸಿ ತಾಡಪತ್ರಿ. ತಮಗೆ, ಒಂದು ಮಧ್ಯಾಹ್ನದ ಮಟ್ಟಿಗೆ, ಒಣ ಮೈ.