ಮಾವನ ಟೋಪಿಯ ಎಡಬದಿ

ಮಸ್ಕತ್ತಿನಲ್ಲಿ ಗಂಡಸರ ಲಂಗದ ವಿಷಯದಲ್ಲಿ ಕೊನೆಯ ಮಾತು ಯಾರದು ಎಂದು ನೀವು ಕೇಳಿದರೆ ನಾನು ತಲೆ ತಗ್ಗಿಸಿಕೊಂಡೇ ಹೇಳಬೇಕು: ನನ್ನ ಸೋದರಮಾವನದು! ಆದರೆ ‘ಲಂಗ’ ಎಂದು ಅವರೆದುರು ಮಾತ್ರ ಹೇಳಿಬಿಡಬೇಡಿ. ನನ್ನ ಮಗಳು ಒಮ್ಮೆ, “ವೈ ಈಸ್ ಅಜ್ಜ ವೇರಿಂಗ್ ಎ ಸ್ಕರ್ಟ್?” ಎಂದು ಕೇಳಿ, ಅರ್ಧ ಗಂಟೆಯ ಉಪನ್ಯಾಸಕ್ಕೆ ಸಿಕ್ಕಿಬಿದ್ದಿದ್ದಳು. ಅದು ಕಿಲ್ಟ್. ಸ್ಕಾಟ್ಲೆಂಡಿನ ಗಂಡಸರು ಹಬ್ಬಹರಿದಿನಗಳಲ್ಲಿ ಉಡುವ, ಹಿಂಬದಿಗೆಲ್ಲ ನೆರಿಗೆಯಿರುವ ಚೌಕುಳಿಯ ಉಡುಪು.

ಉಡುಪಿ ಕಡೆಯಿಂದ ಬಂದ ದರ್ಜಿಗೂ ಸ್ಕಾಟ್ಲೆಂಡಿನ ಕಿಲ್ಟಿಗೂ ಎಲ್ಲಿಯ ನಂಟು ಅಂತೀರಾ? ಎಲ್ಲ ಹೊಟ್ಟೆಯ ನಂಟು! ಮಾವ ಹೊಲಿಗೆ ಯಂತ್ರ ತುಳಿಯುವುದು ಮಸ್ಕತ್ತಿನ ಹಳೆಯ ಪೇಟೆ ಮತ್ರಾದ ಗಲ್ಲಿಯೊಂದರ ಅಂಗಡಿಯಲ್ಲಿ. ಇಲ್ಲಿಗೆ ಕೆಲಸಕ್ಕೆ ಬಂದ ಸ್ಕಾಟ್ಲೆಂಡಿನ ಇಂಜಿನಿಯರುಗಳಿಗೆ ಒಮಾನಿನ ಕುರಿಮಾಂಸ ಚೆನ್ನಾಗಿ ಒಗ್ಗಿಬಿಡುತ್ತದೆ. ಎರಡು ವರ್ಷಕ್ಕೆಲ್ಲ ಊರಿನಿಂದ ತಂದ ಕಿಲ್ಟು ಸೊಂಟ ಸುತ್ತುವುದಿಲ್ಲ. ಆಗ ಅವರೆಲ್ಲ ಮಾವನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಹಾಗೆ ಬಂದವರಲ್ಲಿ ಬಿಳಿ ಮೀಸೆಯ ಒಬ್ಬ ಹಿರಿಯ ಇಂಜಿನಿಯರು ಮಾವನಿಗೆ ಸ್ನೇಹಿತರಾದರು. ಕಿಲ್ಟಿನ ನೇಮನಿಷ್ಠೆಯನ್ನೆಲ್ಲ ಕಲಿಸಿದವರು ಅವರೇ. ಕಲಿಸಿದ್ದಕ್ಕೆ ಆಮೇಲೆ ಪಶ್ಚಾತ್ತಾಪವನ್ನೂ ಪಟ್ಟರು.

ಪ್ರತಿ ಚಳಿಗಾಲದಲ್ಲಿ ಈ ಸ್ಕಾಟ್ಲೆಂಡಿನವರದೊಂದು ದೊಡ್ಡ ಔತಣ ನಡೆಯುತ್ತದೆ. ಹೊಲಿಗೆ ಬಿಚ್ಚಿದರೆ ಇರಲಿ ಎಂದು ಸೂಜಿದಾರದೊಂದಿಗೆ ಮಾವನನ್ನೂ ಬಾಗಿಲಲ್ಲಿ ನಿಲ್ಲಿಸುತ್ತಾರೆ. ದರ್ಜಿಯ ವೇಷ ಚೆನ್ನಾಗಿರಲಿ ಎಂದು ಆ ಇಂಜಿನಿಯರು ಒಂದು ಕಿಲ್ಟನ್ನೂ ಟೋಪಿಯನ್ನೂ ಕೊಟ್ಟರು, ನೋಡಿ! ಅಂದಿನಿಂದ ಮಾವ ದರ್ಜಿಯಾಗಿ ಉಳಿಯಲಿಲ್ಲ, ಚೆಕ್‌ಪೋಸ್ಟ್ ಆದರು.

ಒಂದು ವರ್ಷ ಭಾರೀ ಆಳೊಬ್ಬ ಟೋಪಿಯ ಮೇಲೆ ತನ್ನ ಕುಲದ ಬ್ಯಾಜನ್ನೂ ಪಕ್ಕದಲ್ಲೇ ಫುಟ್‌ಬಾಲ್ ಕ್ಲಬ್ಬಿನ ಬ್ಯಾಜನ್ನೂ ಸಿಕ್ಕಿಸಿಕೊಂಡು ಬಂದ. ಮಾವ ಕೈ ಅಡ್ಡ ಹಿಡಿದರು.

“ಸರ್, ಟೋಪಿಗೆ ಕುಲದ್ದು ಒಂದೇ. ಅದೂ ಎಡಬದಿಗೆ. ಕ್ಲಬ್ಬಿನದ್ದು ಕೋಟಿಗೆ.”

“ಎರಡೂ ನನಗೆ ಪ್ರಾಣ,” ಎಂದ ಆತ.

“ಪ್ರಾಣ ಎರಡಿರ್ಬಹುದು ಸರ್. ತಲೆ ಒಂದೇ ಉಂಟಲ್ಲ?”

ಪಾಪ, ಆತ ಕ್ಲಬ್ಬನ್ನು ಕೋಟಿಗಿಳಿಸಿ ಒಳಗೆ ಹೋದ. ಇನ್ನೊಬ್ಬ ಕಿಲ್ಟಿನ ಅಂಚಿನ ಪಿನ್ನನ್ನು ಮೇಲಿನ ಪದರಕ್ಕಷ್ಟೇ ಚುಚ್ಚದೆ ಎರಡೂ ಪದರಕ್ಕೆ ಸೇರಿಸಿ ಚುಚ್ಚಿದ್ದ. ಮಾವ ಎಚ್ಚರಿಸಿದರೂ ಕೇಳಲಿಲ್ಲ. ಕುರ್ಚಿಯಲ್ಲಿ ಕುಳಿತದ್ದೇ ತಡ, ಪರ್‌ರ್‌ ಎಂದಿತು! ಆಮೇಲೆ ಮಾವನ ಮಾತು ಮೀರುವ ಧೈರ್ಯ ಯಾರಿಗಿದೆ?

ಈ ನಿಯಮಗಳ ಪೈಕಿ ಮಾವನಿಗೆ ಬಲು ಮುಖ್ಯವಾದದ್ದು ಬೆಲ್ಟಿನದು. ಕುಲದ ಚಿಹ್ನೆಯ ಸುತ್ತ ಬಕಲ್ ಸಹಿತ ಬೆಲ್ಟಿನ ಚಿತ್ರವಿದ್ದರೆ, ‘ನಾನು ಈ ಕುಲದ ಯಜಮಾನನ ಕಡೆಯವ’ ಎಂದು ಅರ್ಥ. ಬೆಲ್ಟಿಲ್ಲದ ಚಿಹ್ನೆಯನ್ನು ಧರಿಸುವ ಹಕ್ಕು ಯಜಮಾನನಿಗೆ ಮಾತ್ರ. ಹೆಂಗಸರಿಗೂ ಇಂಥದೊಂದು ನಿಯಮವಿದೆ. ಹೊದೆಯುವ ಪಟ್ಟಿಯನ್ನು ಸಾಮಾನ್ಯರು ಬಲ ಹೆಗಲಿಗೆ ಪಿನ್ನು ಮಾಡಬೇಕು. ಎಡ ಹೆಗಲು ಯಜಮಾನಿಗೆ ಮೀಸಲು.

ಇದನ್ನು ಮಾವ ಸ್ಕಾಟ್ಲೆಂಡಿನವರ ಮೇಲೆ ಪ್ರಯೋಗಿಸಿ ಸುಮ್ಮನಿರಬಾರದೇ? ದಾರ್ಸೈಟಿನ ನಮ್ಮ ಮನೆಗೆ ವರಮಹಾಲಕ್ಷ್ಮಿಯ ಕುಂಕುಮಕ್ಕೆ ಬಂದ ಹದಿನಾರು ಹೆಂಗಸರನ್ನೂ ದಿಟ್ಟಿಸಿ ನೋಡಿದರು. ಎಲ್ಲರ ಸೆರಗಿನ ಪಿನ್ನೂ ಎಡ ಹೆಗಲಲ್ಲಿ!

“ಎಂತ ಮಾರಾಯ್ತಿ ಇದು? ಎಲ್ಲರೂ ಯಜಮಾನ್ತಿಯರಾದ್ರೆ ಹೇಳಿದ್ದು ಕೇಳುವವರು ಯಾರು?”

“ಗಂಡಂದಿರು!” ಎಂದರು ಹೆಂಗಸರು ಒಕ್ಕೊರಲಿನಿಂದ.

ಇಷ್ಟೆಲ್ಲ ಕಾನೂನು ಮಾತಾಡುವ ಮಾವನ ಟೋಪಿಯ ಎಡಬದಿ ಮಾತ್ರ ಬೋಳು. ಕಪ್ಪು ರಿಬ್ಬನ್ನಿನ ಗಂಟಿದೆ, ಅದರ ಮೇಲೆ ಬ್ಯಾಜಿಲ್ಲ. ಇಂಜಿನಿಯರು ತಮ್ಮದೇ ಹಳೆಯದೊಂದನ್ನು ಕೊಡಲು ಬಂದಾಗ ಮಾವ ಎರಡು ಹೆಜ್ಜೆ ಹಿಂದೆ ಸರಿದರಂತೆ. “ನಾನು ನಿಮ್ಮ ಕುಲದವ ಅಲ್ಲ ಸರ್. ನಮ್ಮದು ಬೇರೆ ಉಂಟು. ನಾವದಕ್ಕೆ ಬರಿ ಅಂತೇವೆ. ನಮಗೆ ತುಳುವರಿಗೆ ಅದು ಅಪ್ಪನಿಂದ ಬರುದಲ್ಲ, ಅಮ್ಮನಿಂದ.”

“ಹಾಗಾದರೆ ನಿಮ್ಮದೇ ಒಂದು ಬ್ಯಾಜು ಮಾಡಿಸಿಕೊಳ್ಳಿ.”

“ಯಜಮಾನ್ತಿ ಇದ್ದದ್ದು ಅಮ್ಮ, ಮತ್ತೆ ಅಕ್ಕ. ಇಬ್ಬರೂ ಹೋದ್ರು. ಬೆಲ್ಟು ಹಾಕಿಕೊಂಡು ಯಾರ ಕಡೆಯವ ಅಂತ ಹೇಳುದು ನಾನು?”

ಆ ಅಕ್ಕ ನನ್ನ ಅಮ್ಮ. ಮಾವ ಮದುವೆಯಾದವರಲ್ಲ. ಈ ಮಾತುಕತೆಯನ್ನು ಅವರು ನನಗೆ ಹೇಳಿದಾಗ ನಾನು ಅಡಿಗೆಯ ಗಡಿಬಿಡಿಯಲ್ಲಿ, “ಸೂಕ್ ಪೇಟೆಯಲ್ಲಿ ಬೇಕಾದಷ್ಟು ಬ್ಯಾಜು ಸಿಗ್ತದೆ ಮಾವ, ಯಾವುದಾದ್ರೂ ಒಂದು ಸಿಕ್ಕಿಸಿ, ಖಲಾಸ್!” ಎಂದುಬಿಟ್ಟೆ. ಮಾವ ಟೋಪಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅವತ್ತೇ ನನ್ನ ನಾಲಿಗೆ ಕಚ್ಚಿಕೊಳ್ಳಬೇಕಿತ್ತು.

ಈ ವರ್ಷ ಮಾವನ ಕಣ್ಣು ಮಂಜಾಯಿತು. ವೀಸಾ ಮುಗಿಸಿ ಊರಿಗೆ ಹೊರಡುವುದೆಂದು ತೀರ್ಮಾನವಾಯಿತು. ಹೊರಡುವ ತಿಂಗಳಲ್ಲಿ ಒಂದೇ ಹಟ: “ನಿಜ್ವಾಕ್ಕೆ ಕರ್ಕೊಂಡು ಹೋಗು, ಹಲ್ವ ತಕೊಳ್ಳಿಕ್ಕುಂಟು.” ಮಸ್ಕತ್ತಿನಲ್ಲಿ ಹಲ್ವಕ್ಕೇನು ಬರವೇ? ಗೊಣಗುತ್ತಲೇ ಒಂದೂವರೆ ಗಂಟೆ ಕಾರು ಓಡಿಸಿದೆ. ಅವರು ಬೆಳ್ಳಿ ಕೆಲಸದವರ ಸಾಲಿನಲ್ಲಿ ಎರಡು ಗಂಟೆ ಮಾಯವಾದರು. ತಿರುಗಿ ಬರುವಾಗ ಕೈಯಲ್ಲಿ ಹಲ್ವವೇ ಇರಲಿಲ್ಲ! ವಯಸ್ಸಾಯಿತು, ಮರೆತರು ಎಂದುಕೊಂಡೆ.

ಅವರಿಗೆಂದು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಇಟ್ಟುಕೊಂಡೆವು. ಬಿಳಿ ಮೀಸೆಯ ಇಂಜಿನಿಯರೂ ಬಂದಿದ್ದರು. ಮಾವ ಕಿಲ್ಟು, ಟೋಪಿ ಸಮೇತ ಬಂದು, ಬಾಳೆಲೆಯ ಮುಂದೆ ಕೂರದೆ, ಜೇಬಿನಿಂದ ಒಂದು ಬೆಳ್ಳಿಯ ಬ್ಯಾಜು ತೆಗೆದರು. ನಡುವೆ ಕೇಪುಳ ಹೂವಿನ ಗೊಂಚಲು. ಅಜ್ಜಿ ದೈವಕ್ಕೆ ಇಡುತ್ತಿದ್ದ ಹೂವು. ಕನ್ನಡ ಬಾರದ ಒಮಾನಿ ಅಕ್ಕಸಾಲಿಗ ಮಾವ ಬರೆದುಕೊಟ್ಟ ಅಕ್ಷರಗಳನ್ನು ಹಾಗೆಯೇ ಕೆತ್ತಿದ್ದ: “ಒಣಸ್ ಆಂಡಾ?” ಊಟ ಆಯಿತಾ, ಎಂದು ತುಳುವಿನಲ್ಲಿ. ಅಮ್ಮ, ಅಜ್ಜಿ, ಇಬ್ಬರೂ ಮನೆಗೆ ಬಂದವರನ್ನು ಮೊದಲು ಕೇಳುತ್ತಿದ್ದ ಮಾತು.

“ಉಳಿದವರ ಬ್ಯಾಜಿನಲ್ಲಿ ಗೆಲ್ಲುದು, ಕೊಲ್ಲುದು ಅಂತೆಲ್ಲ ಇರ್ತದೆ,” ಎಂದರು ಮಾವ. “ನಮ್ಮಲ್ಲಿ ಇದೇ ಅಲ್ಲವಾ ಇದ್ದದ್ದು?” ಎನ್ನುತ್ತಾ ಬ್ಯಾಜು ಹಿಡಿದು ನನ್ನ ಬಳಿ ಬಂದರು.

ಇಷ್ಟು ವರ್ಷದ ಪಾಠ ವ್ಯರ್ಥವಾಗಬಾರದೆಂದು ನಾನು ವಿನಯದಿಂದ ಬಲ ಹೆಗಲು ಮುಂದೆ ಮಾಡಿದೆ.

“ಆಚೆದು,” ಎಂದರು ಮಾವ.

ಎಡ ಹೆಗಲಿನ ಸೆರಗಿಗೆ ಅವರು ಬ್ಯಾಜು ಚುಚ್ಚುವಾಗ ನಾನು ಬಗ್ಗಿ ನೋಡಿದೆ. ಅದರ ಸುತ್ತ ಬೆಲ್ಟಿರಲಿಲ್ಲ. ಮಾವ ಜೇಬಿನಿಂದ ಇನ್ನೊಂದನ್ನು ತೆಗೆದರು. ಅದೇ ಹೂವು, ಅದೇ ಮಾತು, ಸುತ್ತ ಬೆಲ್ಟು ಮತ್ತು ಬಕಲ್. ಟೋಪಿ ತೆಗೆದು, ಮಂಜುಗಣ್ಣಿನಲ್ಲಿ ತಡಕಾಡಿ, ಬೋಳಾಗಿದ್ದ ಎಡಬದಿಗೆ ತಾವೇ ಅದನ್ನು ಸಿಕ್ಕಿಸಿಕೊಂಡರು. ಇಂಜಿನಿಯರು ಕುರ್ಚಿಯಿಂದ ಎದ್ದು ನಿಂತರು.

ಯಜಮಾನಿಯಾದವಳು ಏನಾದರೂ ಹೇಳಬೇಕಲ್ಲ? ಅಜ್ಜಿ ಕೇಳುತ್ತಿದ್ದ ಹಾಗೆಯೇ ಕೇಳಿದೆ.

“ಮಾವ, ಒಣಸ್ ಆಂಡಾ?”

“ಇಜ್ಜಿ, ಆಗಲಿಲ್ಲ,” ಎಂದರು ಮಾವ, ಮತ್ತು ಹೇಳಿದ್ದು ಕೇಳುವವರಂತೆ ಎಲೆಯ ಮುಂದೆ ಕುಳಿತರು.